ಬಿಲ್ಲೋ ದೋಟಿಯೋ

ನಮ್ಮ ಚಿಕ್ಕಪ್ಪನ ಬಾಯಿಂದ ‘ಗೊತ್ತಿಲ್ಲ’ ಎಂಬ ಮಾತು ಹೊರಟದ್ದನ್ನು ಕೇಳಿದವರು ಇಡೀ ಆಲೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು! ನಾನಂತೂ ನಲವತ್ತೇಳು ವರ್ಷ ಕಾದಿದ್ದೇನೆ. ನಾನು ಹುಟ್ಟಿದ ದಿನ ನರ್ಸು ಹೆರಿಗೆ ಕೋಣೆಯಿಂದ ಹೊರಗೆ ಬರುವ ಮೊದಲೇ ‘ಗಂಡು’ ಎಂದು ಎಲ್ಲರಿಗೂ ಸಾರಿದವರು ಇವರೇ. ನಾನು ಹೆಣ್ಣಾದದ್ದರಲ್ಲಿ ತಮ್ಮ ತಪ್ಪೇನೂ ಇಲ್ಲ, ಆ ನರ್ಸಿನ ಕೈಗುಣವೇ ಸರಿ ಇರಲಿಲ್ಲ ಎಂಬುದು ಇವತ್ತಿಗೂ ಅವರ ಅಭಿಪ್ರಾಯ.

ಅವರು ರೈಟರ್. ಹಾಗೆಂದ ತಕ್ಷಣ ನೀವು ಕಥೆ, ಕಾದಂಬರಿ ಎಂದುಕೊಂಡುಬಿಟ್ಟೀರಿ! ಕಾಫಿ ಎಸ್ಟೇಟಿನ ರೈಟರ್. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕಡೆ ಹಣ್ಣು ಕೊಯ್ಯಬೇಕೆಂದು ಹೇಳಿ, ಸಂಜೆ ಎಲ್ಲರ ಲೆಕ್ಕ ಬರೆಯುವ ಕೆಲಸ. ಮೂವತ್ತೈದು ವರ್ಷ ಅದನ್ನೇ ಮಾಡಿ ಈಗ ಪಾಳ್ಯದ ಹತ್ತಿರ ಅಂಗೈಯಗಲದ ಸ್ವಂತ ತೋಟ ನೋಡಿಕೊಂಡಿದ್ದಾರೆ. ನಾನೂ ಪತ್ರಿಕೆಗಳಿಗೆ ಅಷ್ಟಿಷ್ಟು ಗೀಚುತ್ತೇನೆಂದು ತಿಳಿದಾಗ ಅವರಿಗೆ ಬಹಳ ಸಂತೋಷವಾಯಿತು. “ನೀನೂ ರೈಟರ್ ಆದ್ಯೇನಮ್ಮಿ? ಯಾವ ಎಸ್ಟೇಟು?” ಎಂದರು.

ಅವರ ಜಗಲಿಯ ಮೇಲೆ ಒಂದು ಬೆತ್ತದ ಕುರ್ಚಿ ಇದೆ. ಅದು ಬರೀ ಕುರ್ಚಿಯಲ್ಲ, ನ್ಯಾಯಪೀಠ. ಅದರಲ್ಲಿ ಕೂತರೆ ಪ್ರಪಂಚದಲ್ಲಿ ಅವರಿಗೆ ತಿಳಿಯದ ವಸ್ತುವಿಲ್ಲ. ಒಮ್ಮೆ ಕಾರಿನಲ್ಲಿ ಬಂದ ಸಂಸಾರವೊಂದು ಕಾಡೊಳಗಿನ ಎಡಕುಮೇರಿ ರೈಲ್ವೇ ಸ್ಟೇಷನ್ನಿಗೆ ದಾರಿ ಕೇಳಿತು. ಅಲ್ಲಿಗೆ ಕಾರು ಹೋಗುವುದಿಲ್ಲ ಎನ್ನುವುದು ನಮ್ಮ ಕಡೆ ಎಮ್ಮೆಗಳಿಗೂ ಗೊತ್ತು. ಚಿಕ್ಕಪ್ಪ ಒಂದು ಕ್ಷಣವೂ ತಡವರಿಸಲಿಲ್ಲ. “ಎಡಕುಮೇರಿ ಅಂದ್ಮೇಲೆ ಎಡಕ್ಕೇ ತಾನೆ ಹೋಗ್ಬೇಕು? ಸಿಕ್ಕಿದ ತಿರುವಲ್ಲೆಲ್ಲ ಎಡಕ್ಕೆ ತಿರುಗ್ತಾ ಹೋಗಿ!” ಪಾಪ, ಆ ಸಂಸಾರ ಮಗ್ಗೆ ಊರಿನ ಗದ್ದೆಬಯಲಲ್ಲಿ ಇಳಿದು ರೈಲು ಹುಡುಕಿತಂತೆ!

ಇನ್ನೊಮ್ಮೆ ನಾನು ಏರ್ ಫ್ರೈಯರ್ ಒಯ್ದಿದ್ದೆ. ಅದನ್ನು ಸುತ್ತಲೂ ನೋಡಿ, ಮುಚ್ಚಳ ತಟ್ಟಿ, “ಇದು ಅನ್ನ ಆರಿಸೋ ಮಿಷನ್ನು” ಎಂದು ತೀರ್ಪು ಕೊಟ್ಟರು. ಚಿಕ್ಕಮ್ಮ ನಂಬಿ ಚಿತ್ರಾನ್ನಕ್ಕೆಂದು ಮಾಡಿದ ಅನ್ನವನ್ನೆಲ್ಲ ಅದಕ್ಕೆ ಸುರಿದರು. ಅರ್ಧ ಗಂಟೆಯ ಮೇಲೆ ಹೊರಗೆ ಬಂದದ್ದನ್ನು ಕಡಿಯುವ ಧೈರ್ಯ ಚಿಕ್ಕಪ್ಪನ ಹಲ್ಲಿಗೆ ಮಾತ್ರ ಇತ್ತು. ಕಟಕಟ ಜಗಿಯುತ್ತಾ, “ನೋಡು, ಎಷ್ಟ್ ಚೆನ್ನಾಗಿ ಆರೈತೆ!” ಎಂದರು.

ಇಂಥ ಮಹಾನುಭಾವರು ಬಂಗಲೆಯಿಂದ ದೋಟಿ ತಂದ ಕಥೆಗೆ ಬರುತ್ತೇನೆ.

ಹೋದ ವರ್ಷ ಅವರು ಕೆಲಸ ಮಾಡಿದ ಎಸ್ಟೇಟು ಕೈ ಬದಲಾಯಿತು. ಬಂಗಲೆಯ ಅಮ್ಮಾವ್ರು ಮೈಸೂರಿನ ಮಗಳ ಮನೆಗೆ ಹೊರಟರು. ಹೊರಡುವ ಮೊದಲು ಹಳೆಯ ಕೆಲಸದವರನ್ನೆಲ್ಲ ಕರೆಸಿ, “ಬಂಗಲೇಲಿ ನಿಮಗೇನು ಬೇಕೋ ಒಂದೊಂದು ತಗೊಂಡು ಹೋಗಿ” ಎಂದರಂತೆ. ಚಿಕ್ಕಮ್ಮ ಹಿಂದಿನ ದಿನದಿಂದಲೇ ಪಾಠ ಹೇಳಿಕೊಟ್ಟಿದ್ದರು. “ಫ್ರಿಜ್ಜು. ಅದು ಸಿಗ್ದಿದ್ರೆ ಮಿಕ್ಸಿ. ಅದೂ ಸಿಗ್ದಿದ್ರೆ ಗೋಡೆ ಗಡಿಯಾರ. ನೆನಪೈತಾ?” “ನಂಗೊತ್ತು ಬಿಡು” ಎಂದು ಹೋದರು. ಡ್ರೈವರ್ ಫ್ರಿಜ್ಜು ಹೊತ್ತ. ಅಡುಗೆಯವಳು ಮಿಕ್ಸಿ ಒಯ್ದಳು. ಗಡಿಯಾರ ಗೋಡೆಯ ಮೇಲೇ ಇತ್ತು, ಯಾರೂ ಮುಟ್ಟಿರಲಿಲ್ಲ! ನಮ್ಮ ಚಿಕ್ಕಪ್ಪ ಅದರ ಕೆಳಗೆ ನಿಲ್ಲಿಸಿದ್ದ ಏಳಡಿ ಉದ್ದದ ಸೊಟ್ಟ ಬಿದಿರೊಂದನ್ನು ಹೆಗಲ ಮೇಲಿಟ್ಟುಕೊಂಡು ಬಂದರು.

ಬಸ್ಸಿನಲ್ಲಿ ಬರುವಾಗ ಅರಣ್ಯದವರ ಚೆಕ್‌ಪೋಸ್ಟಿನಲ್ಲಿ ಗಾರ್ಡು ತಡೆದನಂತೆ. “ಏನ್ರೀ, ಬಿದಿರು ಸಾಗಿಸ್ತಿದೀರಾ? ಬಿಲ್ ಎಲ್ಲಿ?” ಇವರು ಆ ಬಿದಿರನ್ನೇ ಅವನ ಮೂಗಿನ ಮುಂದೆ ಹಿಡಿದು, “ಇದೇ ಬಿಲ್ಲು ಸ್ವಾಮಿ!” ಎಂದರಂತೆ. ಬಸ್ಸಿಗೆ ಬಸ್ಸೇ ನಕ್ಕಿತು. ಗಾರ್ಡೂ ನಕ್ಕು ಬಿಟ್ಟುಬಿಟ್ಟ. ಈ ಜೋಕನ್ನು ಅವರು ನನಗೇ ಹತ್ತು ಸಲ ಹೇಳಿದ್ದಾರೆ. ಹತ್ತು ಸಲವೂ ನಕ್ಕಿದ್ದೇನೆ. ನನ್ನಷ್ಟು ದಡ್ಡಿ ಇನ್ನೊಬ್ಬಳಿಲ್ಲ ಎಂದು ನೀವೇ ಆಮೇಲೆ ಹೇಳುತ್ತೀರಿ.

ಮನೆಯಲ್ಲಿ ಚಿಕ್ಕಮ್ಮ ಫ್ರಿಜ್ಜಿಗೆಂದು ಮೂಲೆ ಗುಡಿಸಿ, ರಂಗೋಲಿ ಹಾಕಿ ಕಾದಿದ್ದರು.

“ಇದೇನ್ರೀ ಇದು?”

“ದೋಟಿ.”

ದೋಟಿ ಎಂದರೆ ಮರದ ಮೇಲಿನ ಸೀಬೆಹಣ್ಣು, ನುಗ್ಗೆಕಾಯಿ ಕೀಳುವುದಕ್ಕೆ ತುದಿಗೆ ಕೊಕ್ಕೆ ಕಟ್ಟಿದ ಗಳು. ಚಿಕ್ಕಮ್ಮ ರಂಗೋಲಿಯನ್ನೊಮ್ಮೆ, ಬಿದಿರನ್ನೊಮ್ಮೆ ನೋಡಿದರು. “ಹಿತ್ಲು ತುಂಬ ಬಿದಿರು ಐತೆ! ಬಂಗಲೆಗೆ ಹೋಗಿ ದೋಟಿ ತರೋರುಂಟೇನ್ರೀ?”

“ಇದು ಬಂಗಲೆ ದೋಟಿ ಕಣೇ. ಹಿಡ್ದು ನೋಡು, ಗೊತ್ತಾಯ್ತದೆ.”

ಹಿಡಿಯುವುದಿರಲಿ, ಮೂರು ದಿನ ಚಿಕ್ಕಮ್ಮ ಗಂಡನ ಮುಖವನ್ನೂ ನೋಡಲಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಅದರ ತುದಿಗೊಂದು ಕೊಕ್ಕೆ ಕಟ್ಟಿದ್ದರು. ನಾಲ್ಕನೆಯ ದಿನ ಬಾಗಿಲೆದುರಿನ ಮರದಲ್ಲಿ ಸೀಬೆಹಣ್ಣೊಂದು ಹಳದಿಯಾಗಿ ಕಣ್ಣಿಗೆ ಬಿತ್ತು. ಸಿಟ್ಟು ಗಂಡನ ಮೇಲೇ ಹೊರತು ಹಣ್ಣಿನ ಮೇಲಲ್ಲವಲ್ಲ? ದೋಟಿ ಹಿಡಿದು ಅಂಗಳಕ್ಕಿಳಿದರು. ಅವತ್ತಿನಿಂದ ಅದು ಅವರ ಕೈ ಬಿಟ್ಟದ್ದೇ ಇಲ್ಲ ಎಂದು ಚಿಕ್ಕಪ್ಪ ಫೋನಿನಲ್ಲಿ ಹೇಳಿದಾಗ ನಾನು ಇನ್ನಷ್ಟು ನಕ್ಕೆ.

ನಡುವೆ ಒಂದು ವಿಷಯ ಬಿಟ್ಟೆ. ಅದಕ್ಕೂ ಹಿಂದಿನ ವರ್ಷ ಚಿಕ್ಕಮ್ಮ ಕಾಫಿ ಒಣಗಿಸುವ ಕಣದಲ್ಲಿ ಹಣ್ಣಿನ ಸಿಪ್ಪೆ ಮೆಟ್ಟಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಡಾಕ್ಟರು ಇನ್ನು ಕೋಲು ಹಿಡಿದೇ ನಡೆಯಬೇಕು ಎಂದು ಆಸ್ಪತ್ರೆಯ ಕೋಲೊಂದನ್ನು ಕೊಟ್ಟರು. ಚಿಕ್ಕಮ್ಮ ಅದನ್ನು ಮನೆಗೆ ತಂದು ಅಟ್ಟಕ್ಕೆ ಎಸೆಸಿದರು. “ಇವತ್ತು ಕೋಲು ಹಿಡಿದ್ರೆ ನಾಳೆಯಿಂದ ಊರೋರೆಲ್ಲ ಅಜ್ಜಿ ಅಂತಾರೆ. ಅದೆಲ್ಲ ವಯಸ್ಸಾದೋರಿಗೆ!” ಆಗ ಅವರಿಗೆ ಬರೀ ಎಪ್ಪತ್ತೊಂದು.

ಈ ಜನವರಿಯಲ್ಲಿ ಕಾಫಿ ಕೊಯ್ಲಿನ ಸಮಯಕ್ಕೆ ಹಾಸನದಿಂದ ನಾಲ್ಕು ದಿನ ರಜೆ ಹಾಕಿ ಹೋದೆ. ಗೇಟಿನಲ್ಲೇ ನಿಂತುಬಿಟ್ಟೆ. ನಾಲ್ಕಡಿ ಹತ್ತಂಗುಲದ ಚಿಕ್ಕಮ್ಮ, ಏಳಡಿಯ ಬಿದಿರು ಹಿಡಿದು ಟಕ್ ಟಕ್ ಎಂದು ಕಣದಿಂದ ಬರುತ್ತಿದ್ದಾರೆ! ತಲೆಯ ಮೇಲೆ ಎರಡಡಿಗೂ ಮೀರಿ ಬಿದಿರು, ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಅರಮನೆ ಬಾಗಿಲು ಕಾಯುವ ಭಟನನ್ನು ನೋಡಿದ ಹಾಗಾಯಿತು.

“ಎಲ್ಲಿಗೆ ಹೋಗಿದ್ರಿ ಚಿಕ್ಕಮ್ಮ?”

“ನುಗ್ಗೇಕಾಯಿ ಕೀಳಾಕೆ ಹೋಗಿದ್ದೆ ಮಗಾ.”

“ಎಲ್ಲಿ ನುಗ್ಗೇಕಾಯಿ?”

“ಇನ್ನೂ ಎಳೇದು. ನಾಳೀಕೆ ಹೋಯ್ತೀನಿ.”

ಅವರು ಅದನ್ನು ಗೋಡೆಗೆ ಆನಿಸಿ ಒಳಗೆ ಹೋದ ಮೇಲೆ ನಾನು ಕೈಗೆತ್ತಿಕೊಂಡೆ. ಎತ್ತಿದ ಕೂಡಲೇ ಏನೋ ಸರಿ ಇಲ್ಲ ಅನ್ನಿಸಿತು. ಇದು ಕಡಿದು ತಂದ ಬಿದಿರಲ್ಲ. ಎರಡು ಬಿದಿರಿನ ಪಟ್ಟಿಗಳು, ನಡುವೆ ತೆಳ್ಳನೆಯ ಮರ, ಒಂದರ ಮೇಲೊಂದು ಅಂಟಿಸಿ ಮಾಡಿದ್ದು. ಅಲ್ಲಲ್ಲಿ ಕೂದಲಷ್ಟು ಸಣ್ಣಗೆ ಸೀಳಿದ ಬೆತ್ತದ ಸುತ್ತು. ಹಿಡಿಯುವ ಜಾಗಕ್ಕೆ ಕಪ್ಪಾದ ಚರ್ಮ. ಅದೂ ನಡುವಿನಲ್ಲಲ್ಲ, ಬಹಳ ಕೆಳಗೆ. ಸರಿಯಾಗಿ ಚಿಕ್ಕಮ್ಮನ ಕೈ ಬರುವಲ್ಲಿ. ಕೆಳತುದಿಯ ಹತ್ತಿರ ಚೀನೀಯರದೋ ಜಪಾನಿನವರದೋ ಎನ್ನಿಸುವ ಅಕ್ಷರಗಳನ್ನು ಕೊರೆದಿದ್ದರು. ಫೋಟೋ ತೆಗೆದು ಫೋನಿನಲ್ಲಿ ಹುಡುಕಿದರೆ ಒಂದಾದ ಮೇಲೊಂದು ಅದೇ ತದ್ರೂಪು ಚಿತ್ರ ಬಂತು. ಜಪಾನಿನ ಬಿಲ್ಲು!

“ಚಿಕ್ಕಪ್ಪಾ! ಇದು ಬಿಲ್ಲು! ಜಪಾನಿಂದು!” ಎಂದು ಕಿರುಚಿದೆ.

ಅವರು ಕುರ್ಚಿಯಿಂದ ಅಲುಗಲಿಲ್ಲ. “ಬಿಲ್ಲಂತೆ! ಬಿಲ್ಲಾದ್ರೆ ಹಿಡಿ ನಡುಮಧ್ಯ ಇರ್ಬೇಕೋ ಬೇಡ್ವೋ? ದೋಟಿ ಅದು.”

“ಜಪಾನಿನ ಬಿಲ್ಲಿಗೆ ಹಿಡಿ ಕೆಳಗೇ ಇರುತ್ತಂತೆ.”

“ಜಪಾನಿನ ದೋಟಿಗೂ ಕೆಳಗೇ ಇರ್ತದೆ.”

ಇಂಥವರ ಹತ್ತಿರ ವಾದ ಮಾಡುವುದುಂಟೇ? ಹೆದೆ ಕಟ್ಟಿಯೇ ತೋರಿಸಿಬಿಡುತ್ತೇನೆಂದು ನೈಲಾನ್ ಹಗ್ಗ ತಂದೆ. ಬಿಲ್ಲು ಯಾವ ಕಡೆಗೆ ಬಾಗಿತ್ತೋ ಅದೇ ಕಡೆಗೆ ಇನ್ನಷ್ಟು ಬಗ್ಗಿಸಬೇಕು, ಅಷ್ಟೇ ತಾನೆ? ಒಂದು ತುದಿಯನ್ನು ಹೊಸ್ತಿಲಿಗೆ ಒತ್ತಿ, ಮೊಣಕಾಲು ಕೊಟ್ಟು ಬಲ ಹಾಕಿದೆ.

“ಏಯ್! ಏಯ್! ಆ ಕಡೀಕಲ್ಲ! ಉಲ್ಟಾ ಬಗ್ಗಿಸ್ಬೇಕು ಅದನ್ನ!”

ಎಪ್ಪತ್ತಾರರ ಚಿಕ್ಕಪ್ಪ ಜಗಲಿಯಿಂದ ಹಾರಿ ಬಂದು ನನ್ನ ಕೈಯಿಂದ ಬಿಲ್ಲನ್ನು ಕಸಿದುಕೊಂಡರು. ಆ ವೇಗ ನೋಡಿ ನಾನು ಬೆಚ್ಚಿಬಿದ್ದೆ. ಆಮೇಲೆ ಅವರೇ ಒಂದು ಗಳಿಗೆ ತಬ್ಬಿಬ್ಬಾದರು. “ಅಂದ್ರೆ... ದೋಟಿ ಮುರ್ದೋಯ್ತದೆ ಅಂದೆ” ಎಂದು ಮೆಲ್ಲಗೆ ಕುರ್ಚಿಗೆ ವಾಪಸ್ಸಾದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಕೇಳಿದ್ದೆ. ಬಗ್ಗಿದ್ದನ್ನು ಉಲ್ಟಾ ಬಗ್ಗಿಸಬೇಕು ಅನ್ನುವುದನ್ನು ಅವತ್ತೇ ಕೇಳಿದ್ದು. ಇವರಿಗೆ ಇದು ಹೇಗೆ ಗೊತ್ತು ಎಂದು ಕೇಳಬೇಕೆಂಬ ಬುದ್ಧಿ ಮಾತ್ರ ನನಗೆ ಹೊಳೆಯಲಿಲ್ಲ.

ನನ್ನ ಸಹೋದ್ಯೋಗಿಯೊಬ್ಬರ ತಂಗಿ ಏಳೆಂಟು ವರ್ಷ ಜಪಾನಿನಲ್ಲಿದ್ದು ಅಲ್ಲಿನ ಬಿಲ್ಲುವಿದ್ಯೆ ಕಲಿತವಳು, ಈಗ ಮಂಗಳೂರಿನಲ್ಲಿದ್ದಾಳೆ. ಅವಳಿಗೆ ಫೋಟೋ ಕಳಿಸಿದೆ. ಎರಡೇ ನಿಮಿಷಕ್ಕೆ ವಿಡಿಯೋ ಕಾಲ್ ಬಂತು. ಪಾಳ್ಯದ ಆ ಮನೆಯಲ್ಲಿ ಮುಖ ಕಾಣುವಷ್ಟು ಸಿಗ್ನಲ್ ಸಿಗುವುದು ಕಣದ ಮೂಲೆಯ ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಎಲ್ಲರೂ ಅಲ್ಲಿಗೆ ಹೊರಟೆವು. ಚಿಕ್ಕಮ್ಮ ಬಿಲ್ಲು ಊರಿಕೊಂಡೇ ಬಂದರು.

ಫೋನಿನಲ್ಲಿ ಅದನ್ನು ಕಂಡ ಆ ಹುಡುಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

“ಅಕ್ಕಾ... ಕೆಳಗೆ ನೀಲಿ ಬಣ್ಣದ್ದು ಏನದು?”

“ಹವಾಯಿ ಚಪ್ಪಲಿ. ಜಾರಬಾರದು ಅಂತ ಕತ್ತರಿಸಿ ಕಟ್ಟಿದ್ದಾರೆ.”

ಫೋನು ನಿಶ್ಶಬ್ದವಾಯಿತು. ಸಿಗ್ನಲ್ ಹೋಯಿತೇನೋ ಎಂದು ನಾನು ಟ್ಯಾಂಕಿಗೆ ಇನ್ನಷ್ಟು ಒತ್ತಿ ನಿಂತೆ.

“ಮೇಲೆ?”

“ಕೊಕ್ಕೆ. ಸೀಬೆಹಣ್ಣು ಕೀಳೋಕೆ.”

“ದೇವರೇ! ಅಕ್ಕಾ, ಜಪಾನಲ್ಲಿ ಇನ್ನೊಬ್ಬರ ಬಿಲ್ಲನ್ನ ಕೇಳದೆ ಮುಟ್ಟೋದೂ ತಪ್ಪು! ಅದರಲ್ಲಿ ಸೀಬೆಹಣ್ಣು!”

ಆಮೇಲೆ ಅವಳು ಹೇಳಿದ್ದೆಲ್ಲ ನನ್ನ ಎದೆಗೆ ಕಲ್ಲು ಹಾಕಿದಂತಾಯಿತು. ಇದು ಹಳೆಯದು, ಕೈಯಿಂದ ಮಾಡಿದ್ದು. ಆ ಅಕ್ಷರಗಳು ಮಾಡಿದವನ ಹೆಸರಿರಬೇಕು. ಹೆದೆ ಇಳಿಸಿದಾಗ ಇದು ಹಿಂದುಮುಂದಾಗಿ ಬಾಗುತ್ತದೆ, ಗೊತ್ತಿಲ್ಲದವರು ಬಾಗಿದ ಕಡೆಗೇ ಬಗ್ಗಿಸಲು ಹೋಗಿ ಮುರಿಯುತ್ತಾರೆ. (ನಾನು ನೈಲಾನ್ ಹಗ್ಗವನ್ನು ಮೆಲ್ಲಗೆ ಬೆನ್ನ ಹಿಂದೆ ಬಚ್ಚಿಟ್ಟೆ.) ಬಾಣವಿಲ್ಲದೆ ಎಳೆದು ಬಿಡಬಾರದು. ಬಿಸಿಲು, ಒಲೆಯ ಶಾಖ, ತೇವ ಯಾವುದೂ ತಾಗಬಾರದು, ಅಂಟು ಬಿಟ್ಟು ಪದರ ಪದರ ಬರುತ್ತದೆ. ಎಣ್ಣೆ ಬೇಡ, ಒಣಬಟ್ಟೆಯಲ್ಲಿ ಒರೆಸಿದರೆ ಸಾಕು. ಪಕ್ಕದಿಂದ ತೋರಿಸಿ, ಹತ್ತಿರ ತನ್ನಿ, ಇನ್ನೂ ಹತ್ತಿರ ಎನ್ನುತ್ತಾ ಅವಳು ಫೋನಿಗೆ ಕಣ್ಣು ತಾಗಿಸುವಷ್ಟು ಬಾಗಿದಳು.

“ಇದು ವಿಚಿತ್ರ ಅಕ್ಕಾ. ಕೊಕ್ಕೆಗೆ ಮೊಳೆ ಹೊಡೆದಿಲ್ಲ, ಬಟ್ಟೆ ಸುತ್ತಿ ಅದರ ಮೇಲೆ ದಾರ ಕಟ್ಟಿದ್ದಾರೆ. ಚಪ್ಪಲಿಯನ್ನೂ ಹಾಗೇ ಕಟ್ಟಿದ್ದಾರೆ. ಎಣ್ಣೆ ಸೋಕಿಲ್ಲ, ಹೊಗೆ ಹಿಡಿದಿಲ್ಲ, ಪದರ ಎಲ್ಲೂ ಬಿಟ್ಟಿಲ್ಲ. ನಿಮ್ಮನೇಲಿ ಬಿಲ್ಲು ಅಂದ್ರೆ ಏನು ಅಂತ ಗೊತ್ತಿರೋರು ಯಾರೋ ಇದ್ದಾರೆ.”

ನಾನೂ ಚಿಕ್ಕಮ್ಮನೂ ಚಿಕ್ಕಪ್ಪನ ಕಡೆ ತಿರುಗಿದೆವು. ಕ್ಯಾಲೆಂಡರಿಗೆ ನಾಲ್ಕಿಂಚಿನ ಮೊಳೆ ಹೊಡೆಯುವ ಮನುಷ್ಯ, ಕೊಡೆ ಮುರಿದರೂ ಮೊಳೆ ಹೊಡೆದೇ ರಿಪೇರಿ ಮಾಡುವವರು, ಇದಕ್ಕೆ ಮಾತ್ರ ಬಟ್ಟೆ ಸುತ್ತಿದ್ದಾರೆ! ಅವರು ಆಕಾಶ ನೋಡಿ, “ಮೋಡ ಆಯ್ತಾ ಐತೆ, ಕಾಫಿ ರಾಶಿ ಮಾಡ್ಬೇಕು” ಎಂದರು. ಜನವರಿಯ ಆ ಆಕಾಶದಲ್ಲಿ ಮೋಡವಿರಲಿ, ಒಂದು ಕಾಗೆಯೂ ಇರಲಿಲ್ಲ.

ಚಿಕ್ಕಮ್ಮ ಫೋನಿನ ಹತ್ತಿರ ಬಾಗಿದರು. “ಹಂಗಾರೆ ಇದನ್ನ ಹಿಡ್ಕಂಡು ಓಡಾಡ್ಬಾರ್ದಾ ಮಗಾ?”

“ಬೇಡ ಆಂಟಿ, ಭಾರ ಬಿಟ್ಟರೆ ಒಂದಲ್ಲ ಒಂದು ದಿನ ಮುರಿದುಹೋಗುತ್ತೆ. ಅದು ಊರುಗೋಲಲ್ಲ.”

ಊರುಗೋಲು. ಆ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಆಡದೆ ಇದ್ದ ಮಾತು ಅದು. ಚಿಕ್ಕಮ್ಮ ಬಿಲ್ಲನ್ನು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು, ಟ್ಯಾಂಕು ಹಿಡಿದು, ಬೇಲಿ ಹಿಡಿದು, ಆಮೇಲೆ ಗೋಡೆ ಹಿಡಿದು ಒಳಗೆ ಹೋದರು.

ನಾನಾದರೋ ವಿಜಯೋತ್ಸವದಲ್ಲಿದ್ದೆ! ಕೊಕ್ಕೆ ಬಿಚ್ಚಿದೆ, ಚಪ್ಪಲಿ ಕಿತ್ತೆ, ಒಣಬಟ್ಟೆಯಲ್ಲಿ ಒರೆಸಿದೆ, ಫ್ರಿಜ್ಜಿಗೆಂದು ಖಾಲಿ ಬಿಟ್ಟಿದ್ದ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿದೆ. ಒಂದು ಪುರಾತನ ವಸ್ತುವನ್ನು ಉಳಿಸಿದ ಪುಣ್ಯಾತ್ಗಿತ್ತಿ ನಾನು!

ಮರುದಿನ ಚಿಕ್ಕಮ್ಮ ಜಗಲಿಯಿಂದ ಏಳಲಿಲ್ಲ. ಹತ್ತು ಗಂಟೆಗೆ ಕಣಕ್ಕೆ ಹೋಗಿ ಕಾಫಿ ಕೆದಕಿಸುವವರು ಅಲ್ಲೇ ಕೂತು ಅವರೆಕಾಯಿ ಸುಲಿದರು. “ಬಿಸಿಲು ಕಣಮ್ಮಿ” ಎಂದರು. ಅದರ ಮರುದಿನವೂ ಹಾಗೇ. ನೀರು ಬೇಕೆಂದರೂ ನನ್ನನ್ನು ಕರೆದರು. ನಾನು ಅಟ್ಟ ಹತ್ತಿ ಆಸ್ಪತ್ರೆಯ ಕೋಲನ್ನು ಹುಡುಕಿ, ಧೂಳು ಒರೆಸಿ ತಂದೆ. ಅವರು ಅದರ ಕಡೆ ನೋಡಲೂ ಇಲ್ಲ. “ಮಡಗ್ಬುಡು ಮಗಾ. ಅದು ವಯಸ್ಸಾದೋರಿಗೆ.” ಸೀಬೆಮರದಲ್ಲಿ ಗಿಳಿಗಳು ಹಣ್ಣು ತಿನ್ನುತ್ತಿದ್ದವು. ಚಿಕ್ಕಮ್ಮ ಅವನ್ನೇ ನೋಡುತ್ತಾ ಕೂತಿದ್ದರು.

ನಾನು ಕಣಕ್ಕೆ ಹೋದೆ. ಚಿಕ್ಕಪ್ಪ ಒಬ್ಬರೇ ಕಾಫಿ ಕೆದಕುತ್ತಿದ್ದರು.

“ಅದು ಬಿಲ್ಲು ಅಂತ ನಿಮಗೆ ಗೊತ್ತಿತ್ತಾ ಚಿಕ್ಕಪ್ಪ?”

“ಕಾಫಿ ಕೊಳ್ಳಾಕೆ ಬಂದಿದ್ದ ಜಪಾನಿನೋನು ನಮ್ ಎಸ್ಟೇಟಿನ ದೊಡ್ಡ ಸಾವ್ಕಾರ್ರಿಗೆ ಕೊಟ್ಟಿದ್ದು. ಹೆಂಗ್ ಮಡಗ್ಬೇಕು, ಹೆಂಗ್ ಒರೆಸ್ಬೇಕು ಎಲ್ಲಾ ಹೇಳಿಕೊಟ್ಟು ಹೋದ. ಮೂವತ್ತು ವರ್ಷ ಅದನ್ನ ಒರೆಸ್ದೋನು ನಾನೇ ಕಣಮ್ಮಿ.” ಅವರು ಕೆದಕುವುದನ್ನು ನಿಲ್ಲಿಸಲಿಲ್ಲ. “ಅವತ್ತು ಬಂಗಲೇಲಿ ನೋಡ್ದೆ. ಅದರ ಹಿಡಿ ಸರಿಯಾಗಿ ನಿಮ್ ಚಿಕ್ಕಮ್ಮನ ಕೈ ಮಟ್ಟಕ್ಕೈತೆ. ಕೋಲು ಅಂದ್ರೆ ಮುಟ್ಟಲ್ಲ. ಬಿಲ್ಲು ಅಂದ್ರೆ ಗೋಡೆಗೆ ನೇತಾಕಿ ಪೂಜೆ ಮಾಡ್ತಾಳೆ. ದೋಟಿ ಅಂದ್ರೆ ಹಿಡೀತಾಳೆ. ಅದ್ಕೇ ದೋಟಿ ಅಂದೆ.”

ನನಗೆ ನಾಚಿಕೆಯಾಯಿತು. ಇನ್ನೊಬ್ಬರ ಬಿಲ್ಲನ್ನು ಕೇಳದೆ ಮುಟ್ಟಬಾರದು ಎಂದು ಆ ಹುಡುಗಿ ಹೇಳಿದ್ದು ಚಿಕ್ಕಮ್ಮನಿಗೆ ಎಂದುಕೊಂಡಿದ್ದೆ. ಕೇಳದೆ ಮುಟ್ಟಿದವಳು ನಾನು. ಚೆಕ್‌ಪೋಸ್ಟಿನ ಗಾರ್ಡಿನಿಂದ ಹಿಡಿದು ನನ್ನವರೆಗೆ, ಆ ಮನುಷ್ಯ ನಿಜ ಹೇಳಿದಾಗ ನಕ್ಕೆವು, ಸುಳ್ಳು ಹೇಳಿದಾಗ ದಡ್ಡ ಎಂದೆವು. ಅಳು ಬಂತು. ಟ್ಯಾಂಕಿನ ಹಿಂದೆ ಹೋಗಿ ಮುಖ ತೊಳೆದುಕೊಂಡೆ.

ಅವತ್ತು ಮಧ್ಯಾಹ್ನ ಚಿಕ್ಕಪ್ಪ ಹಿತ್ತಲಿಗೆ ಹೋದವರು ಸಂಜೆಯಾದರೂ ಬರಲಿಲ್ಲ. ನಾನು ಹೊರಡುವ ದಿನ ಬೆಳಿಗ್ಗೆ ಎದ್ದು ಜಗಲಿಗೆ ಬಂದು ನೋಡುತ್ತೇನೆ, ಬೆತ್ತದ ಕುರ್ಚಿಗೆ ಬೆತ್ತವೇ ಇಲ್ಲ! ಬರೀ ಮರದ ಚೌಕಟ್ಟು. ಅದರ ಮೇಲೆ ಅಡ್ಡಲಾಗಿ ಹಲಗೆಯೊಂದನ್ನು ಹಾಕಿ, ಮೊಳೆ ಹೊಡೆದಿದ್ದರು. ನ್ಯಾಯಪೀಠವೇ ಬೋಳಾಗಿತ್ತು!

ಚಿಕ್ಕಪ್ಪ ಅಂಗಳದಿಂದ ಬಂದರು. ಕೈಯಲ್ಲಿ ಏಳಡಿಯ ಗಟ್ಟಿ ಬಿದಿರು. ಗಂಟುಗಳನ್ನು ಹೆರೆದು ನುಣುಪು ಮಾಡಿದ್ದರು. ಕೆಳಗೆ ರಬ್ಬರು, ಮೇಲೆ ಕೊಕ್ಕೆ. ಹಿಡಿಯುವಲ್ಲಿ, ಸರಿಯಾಗಿ ಅದೇ ಎತ್ತರಕ್ಕೆ, ಕುರ್ಚಿಯ ಬೆತ್ತವನ್ನು ಒತ್ತೊತ್ತಾಗಿ ಸುತ್ತಿದ್ದರು. ಅದನ್ನು ತಂದು ಚಿಕ್ಕಮ್ಮನ ಪಕ್ಕದ ಗೋಡೆಗೆ ಆನಿಸಿ, ತಮಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಹಲಗೆಯ ಮೇಲೆ ಕೂತರು.

ಚಿಕ್ಕಮ್ಮ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಅವರ ಮುಖ ಬಿಗಿಯಿತು.

“ಇದೇನ್ರೀ ಇದು? ಕೋಲಾ?”

ಇನ್ನೇನು ಹೆಸರು ಹೇಳುತ್ತಾರೋ, ಯಾವ ದೇಶದ್ದು ಎನ್ನುತ್ತಾರೋ!

ಚಿಕ್ಕಪ್ಪ ಸೀಬೆಮರದ ಕಡೆ ನೋಡುತ್ತಾ ಹೇಳಿದರು:

“ಗೊತ್ತಿಲ್ಲ ಕಣೇ.”

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಚಿಕ್ಕಮ್ಮನೂ ಬೆರಗಾಗಿ ಗಂಡನನ್ನೇ ನೋಡಿದರು. ಐವತ್ತು ವರ್ಷದ ಸಂಸಾರದಲ್ಲಿ ಅವರೂ ಕೇಳಿರದ ಮಾತು. ಆಮೇಲೆ ಚಿಕ್ಕಮ್ಮ ಮೆಲ್ಲಗೆ ಕೈ ಚಾಚಿ ಅದರ ಬೆತ್ತದ ಹಿಡಿಯನ್ನು ಹಿಡಿದರು, ಭಾರ ಬಿಟ್ಟು ಎದ್ದರು. ಟಕ್, ಟಕ್ ಎಂದು ಮೂರು ಮೆಟ್ಟಿಲು ಇಳಿದು ಅಂಗಳ ದಾಟಿದರು. ಗಿಳಿಗಳು ಹಾರಿಹೋದವು. ಕೊಕ್ಕೆ ಹಾಕಿ ಎಳೆದರು, ಹಣ್ಣು ಪುಟ್ಟನೆ ಬಿತ್ತು.

ಅಲ್ಲಿಂದಲೇ ತಿರುಗಿ ಗಂಡನನ್ನು ಗದರಿದರು.

“ದೋಟಿ ಅಲ್ವೇನ್ರೀ ಇದು! ಅಷ್ಟೂ ಗೊತ್ತಾಗಲ್ವಾ ನಿಮ್ಗೆ?”